ಆರೂವರೆಯ ತಾಳಮದ್ದಳೆ ನಡುರಾತ್ರಿಗೆ ಜಾರುವುದೇಕೆ?

ಸಂಘದ ವೆಬ್‌ಸೈಟಿಗೆ ಕಾರ್ಯಕ್ರಮಗಳ ಕ್ಯಾಲೆಂಡರ್ ಹಾಕಿಸಬೇಕು ಎಂದು ಸಭೆಯಲ್ಲಿ ತೀರ್ಮಾನವಾದರೆ ಆ ಕೆಲಸ ಸಮಿತಿಯಲ್ಲಿ ‘ಕಂಪ್ಯೂಟರ್ ಗೊತ್ತಿರುವವರ’ ಹೆಗಲಿಗೆ ಬೀಳುತ್ತದೆ. ಅವರು ವರ್ಡ್‌ಪ್ರೆಸ್ ತೆರೆದು, ‘ಈವೆಂಟ್ ಕ್ಯಾಲೆಂಡರ್’ ಎಂದು ಹುಡುಕಿ, ಚಿತ್ರ ಚೆಂದ ಕಂಡ ಪ್ಲಗಿನ್ನಿನ ಮೇಲೆ ಇನ್‌ಸ್ಟಾಲ್ ಒತ್ತುತ್ತಾರೆ, ಆಕ್ಟಿವೇಟ್ ಒತ್ತುತ್ತಾರೆ. ಐದು ನಿಮಿಷದಲ್ಲಿ ಮುಗಿಯಿತು. ಫೋನು ಶುರುವಾಗುವುದು ಆಮೇಲೆ. ಒಬ್ಬರಿಗೆ ಪುಟವೇ ಸಿಗುತ್ತಿಲ್ಲ, ಇನ್ನೊಬ್ಬರಿಗೆ ಕನ್ನಡದ ಜಾಗದಲ್ಲಿ ಬರೀ ಪ್ರಶ್ನೆ ಚಿಹ್ನೆ, ಮತ್ತೊಬ್ಬರ ಮೊಬೈಲಿನಲ್ಲಿ ಶನಿವಾರ ಸಂಜೆ ಆರೂವರೆಯ ತಾಳಮದ್ದಳೆ ರಾತ್ರಿ 12 ಗಂಟೆಗೆ, ಅದೂ ಭಾನುವಾರದ ತಾರೀಖಿನಲ್ಲಿ.

ಆಗ ಹೆಚ್ಚಿನವರು ಆ ಪ್ಲಗಿನ್ ಕಿತ್ತು ಇನ್ನೊಂದನ್ನು ಹಾಕುತ್ತಾರೆ. ಅದೂ ಕೈಕೊಟ್ಟರೆ ಮೂರನೆಯದು. ಕಳಪೆ ಪ್ಲಗಿನ್ನುಗಳಿಗೆ ಬರವಿಲ್ಲ, ನಿಜ. ಆದರೆ ಹಾಕುವ ಮುಂಚೆ ಮಾಡಬೇಕಾದ ಎರಡು ಮೂರು ಕೆಲಸ ಬಿಟ್ಟುಹೋಗಿದ್ದರೆ ಎಷ್ಟು ಬದಲಾಯಿಸಿದರೂ ಅದೇ ಕಥೆ.

ವರ್ಡ್‌ಪ್ರೆಸ್ ಬಂದದ್ದು 2003ರಲ್ಲಿ, ಪ್ಲಗಿನ್ ಸೌಲಭ್ಯ ಸೇರಿದ್ದು 2004ರ 1.2 ಆವೃತ್ತಿಯಲ್ಲಿ. ಅದರ ಅಧಿಕೃತ ಭಂಡಾರದಲ್ಲಿ ಈಗ 50 ಸಾವಿರಕ್ಕೂ ಹೆಚ್ಚು ಪ್ಲಗಿನ್ನುಗಳಿವೆ. ಹೊಸ ಪ್ಲಗಿನ್ ಸೇರಿಸುವಾಗ ಅಲ್ಲಿನ ತಂಡ ಪರಿಶೀಲಿಸುತ್ತದೆ. ಆಮೇಲೆ ಅದನ್ನು ಯಾರು ನೋಡಿಕೊಳ್ಳುತ್ತಿದ್ದಾರೆ, ನೋಡಿಕೊಳ್ಳುತ್ತಿದ್ದಾರೋ ಇಲ್ಲವೋ ಎಂಬುದು ಹಾಕಿಕೊಳ್ಳುವವರ ತಲೆನೋವು.

ಹಾಗಾಗಿ ಮೊದಲು ನಕ್ಷತ್ರಗಳನ್ನು ಬಿಟ್ಟು ಪ್ಲಗಿನ್ ಪುಟದ ಬಲಬದಿಯ ಸಣ್ಣ ಅಕ್ಷರಗಳನ್ನು ಓದಬೇಕು. ಕೊನೆಯ ಅಪ್‌ಡೇಟ್ ಯಾವಾಗ ಆಗಿದೆ, ವರ್ಡ್‌ಪ್ರೆಸ್ಸಿನ ಯಾವ ಆವೃತ್ತಿಯವರೆಗೆ ಪರೀಕ್ಷಿಸಲಾಗಿದೆ, ಸರ್ವರಿನಲ್ಲಿ ಪಿಎಚ್‌ಪಿ ಭಾಷೆಯ ಯಾವ ಆವೃತ್ತಿ ಬೇಕು ಎಂಬುದೆಲ್ಲ ಅಲ್ಲಿರುತ್ತದೆ. ಬಳಕೆದಾರರ ಪ್ರಶ್ನೆಗಳಿಗೆ ಉತ್ತರ ಕೊಡುವವರು ಯಾರಾದರೂ ಇದ್ದಾರೆಯೇ ಎಂಬುದೂ ಅಲ್ಲೇ ಗೊತ್ತಾಗುತ್ತದೆ. ಎರಡು ವರ್ಷದಿಂದ ಅಪ್‌ಡೇಟ್ ಇಲ್ಲದ ಕ್ಯಾಲೆಂಡರನ್ನು ಮುಟ್ಟದಿರುವುದೇ ವಾಸಿ. 2020ರ ನವೆಂಬರಿನಲ್ಲಿ ಬಂದ ಪಿಎಚ್‌ಪಿ 8.0 ಹಲವು ಹಳೆಯ ಫಂಕ್ಷನ್ನುಗಳನ್ನು ತೆಗೆದುಹಾಕಿತು. ಅವನ್ನೇ ನಂಬಿಕೊಂಡ ಪ್ಲಗಿನ್ ಹೊಸ ಸರ್ವರಿನಲ್ಲಿ ಆಕ್ಟಿವೇಟ್ ಆದ ಕೂಡಲೇ ಇಡೀ ಸೈಟನ್ನೇ ಮಲಗಿಸಬಲ್ಲದು.

ಹೆಸರುವಾಸಿ ಎಂದ ಮಾತ್ರಕ್ಕೆ ಕಣ್ಣು ಮುಚ್ಚಿ ನಂಬುವಂತೆಯೂ ಇಲ್ಲ. ಸುಮಾರು ಒಂದೂವರೆ ಲಕ್ಷ ಸೈಟುಗಳಲ್ಲಿದ್ದ ಮಾಡರ್ನ್ ಈವೆಂಟ್ಸ್ ಕ್ಯಾಲೆಂಡರಿನಲ್ಲಿ ಒಂದು ದೊಡ್ಡ ದೋಷವಿತ್ತು. ಲಾಗಿನ್ ಇರುವ ಸಾಮಾನ್ಯ ಸದಸ್ಯನೂ ಸರ್ವರಿಗೆ ಬೇಕಾದ ಫೈಲ್ ತುರುಕಬಹುದಿತ್ತು. 2024ರ ಜುಲೈನಲ್ಲಿ ಅದು ಬಯಲಾಯಿತು, 7.12.0 ಆವೃತ್ತಿಯಲ್ಲಿ ಸರಿಹೋಯಿತು. ಅಪ್‌ಡೇಟ್ ಮಾಡದವರ ಸೈಟಿನಲ್ಲಿ ದೋಷ ಹಾಗೇ ಉಳಿಯಿತು. ಇನ್ನು, ದುಡ್ಡು ಕೊಡಬೇಕಾದ ಪ್ಲಗಿನ್ನನ್ನು ಎಲ್ಲಿಂದಲೋ ಪುಕ್ಕಟೆ ಇಳಿಸಿಕೊಂಡು ಹಾಕುವವರಿಗೆ ಯಾವ ಲೇಖನವೂ ಸಹಾಯ ಮಾಡಲಾರದು.

ಆಯ್ಕೆಯಾದ ಮೇಲೆ ಸೈಟಿನ ಬ್ಯಾಕಪ್. ಫೈಲುಗಳು ಮತ್ತು ಡೇಟಾಬೇಸ್ ಎರಡೂ.

ಇನ್ನು ಮುಖ್ಯ ವಿಷಯ. ಪ್ಲಗಿನ್ ಹಾಕುವುದಕ್ಕೂ ಮುಂಚೆ ಸೆಟ್ಟಿಂಗ್ಸ್‌ನ ಜನರಲ್ ವಿಭಾಗದಲ್ಲಿ ಟೈಮ್‌ಝೋನ್ ಏನಿದೆ ಎಂದು ನೋಡಬೇಕು. ಬಹಳಷ್ಟು ಸೈಟುಗಳಲ್ಲಿ ಅದು ವರ್ಡ್‌ಪ್ರೆಸ್ ಹಾಕಿದ ದಿನ ಇದ್ದಂತೆ ‘ಯುಟಿಸಿ+0’ದಲ್ಲೇ ಕೂತಿರುತ್ತದೆ. ಸೈಟಿನ ಪುಟದಲ್ಲಿ ತಪ್ಪೇನೂ ಕಾಣುವುದಿಲ್ಲ. ಸಂಜೆ 6:30 ಎಂದು ಬರೆದರೆ 6:30 ಎಂದೇ ಕಾಣುತ್ತದೆ, ಸಮಿತಿಯವರು ನೋಡಿ ತಲೆಯಾಡಿಸುತ್ತಾರೆ. ಎಡವಟ್ಟಾಗುವುದು ಪ್ರೇಕ್ಷಕರು ‘ಕ್ಯಾಲೆಂಡರಿಗೆ ಸೇರಿಸಿ’ ಗುಂಡಿ ಒತ್ತಿದಾಗ. ಆಗ ಇಳಿಯುವ ಐಸಿಎಸ್ ಫೈಲಿನಲ್ಲಿ ಕಾರ್ಯಕ್ರಮದ ಸಮಯ ‘183000’ ಎಂದಿದ್ದು, ಅದರ ಬೆನ್ನಿಗೆ ‘ಝಡ್’ ಅಕ್ಷರ ಅಂಟಿಕೊಂಡಿರುತ್ತದೆ. ಝಡ್ ಇದ್ದರೆ ಇದು ಯುಟಿಸಿ ಸಮಯ ಎಂದರ್ಥ. ಫೋನು ಅದಕ್ಕೆ ಭಾರತದ ಐದೂವರೆ ಗಂಟೆ ಕೂಡಿಸುತ್ತದೆ. ಆರೂವರೆಗೆ ಐದೂವರೆ ಸೇರಿದರೆ ಹನ್ನೆರಡು, ತಾರೀಖೂ ಮಾರನೆಯ ದಿನದ್ದು. ಫೋನಿನದೇನೂ ತಪ್ಪಿಲ್ಲ.

ಇದನ್ನು ಪರೀಕ್ಷಿಸಲು ಪರಿಣತಿ ಬೇಕಿಲ್ಲ. ಐಸಿಎಸ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ‘ಡಿಟಿಸ್ಟಾರ್ಟ್’ ಎಂದು ಶುರುವಾಗುವ ಸಾಲು ನೋಡಿದರಾಯಿತು. ಸಂಜೆ ಆರೂವರೆಯ ಕಾರ್ಯಕ್ರಮಕ್ಕೆ ಅಲ್ಲಿ ಒಂದೋ ‘130000’ ಮತ್ತು ಝಡ್ ಇರಬೇಕು, ಇಲ್ಲವೇ ಝಡ್ ಇಲ್ಲದ ‘183000’ಕ್ಕೂ ಮುಂಚೆ ‘ಏಷ್ಯಾ/ಕೋಲ್ಕತಾ’ ಎಂಬ ವಲಯದ ಹೆಸರಿರಬೇಕು. ಝಡ್ಡೂ ಇಲ್ಲ, ವಲಯವೂ ಇಲ್ಲ ಎಂದರೆ ನೋಡುವವರು ಯಾವ ದೇಶದಲ್ಲಿದ್ದರೂ ಅವರ ಗಡಿಯಾರದ 6:30 ಎಂದೇ ಕಾಣುತ್ತದೆ. ಊರಿನ ಸಭಾಭವನಕ್ಕೆ ಬರುವವರಿಗೆ ತೊಂದರೆಯಿಲ್ಲ. ದುಬೈನಲ್ಲಿ ಕೂತು ನೇರ ಪ್ರಸಾರ ನೋಡುವವರಿಗೆ ಅರ್ಧ ಪ್ರಸಂಗ ತಪ್ಪುತ್ತದೆ.

ಟೈಮ್‌ಝೋನ್ ಸರಿಮಾಡುವಾಗಲೂ ಹಲವರು ಪಟ್ಟಿಯ ಕೊನೆಗೆ ಹೋಗಿ ‘ಯುಟಿಸಿ+5:30’ ಆರಿಸುತ್ತಾರೆ. ಆರಿಸಬೇಕಾದದ್ದು ‘ಕೋಲ್ಕತಾ’. ಎರಡೂ ಒಂದೇ ಅಲ್ಲವೇ ಎಂದು ಕೇಳಬಹುದು. ವರ್ಡ್‌ಪ್ರೆಸ್ ಮಟ್ಟಿಗೆ ಒಂದೇ ಅಲ್ಲ. ಊರಿನ ಹೆಸರು ಒಂದು ಖಾನೆಯಲ್ಲಿ ಉಳಿದರೆ ಗಂಟೆಯ ಲೆಕ್ಕ ಬೇರೆಯ ಖಾನೆಗೆ ಹೋಗುತ್ತದೆ. ಅರೆಬೆಂದ ಪ್ಲಗಿನ್ನುಗಳು ಊರಿನ ಖಾನೆಯನ್ನಷ್ಟೇ ನೋಡಿ, ಅದು ಖಾಲಿ ಕಂಡರೆ ಯುಟಿಸಿ ಎಂದುಕೊಳ್ಳುತ್ತವೆ. ಎರಡನ್ನೂ ನೋಡಿ ಸರಿಯಾದ ವಲಯ ಕೊಡುವ ಫಂಕ್ಷನ್ 2019ರ 5.3 ಆವೃತ್ತಿಯಿಂದಲೇ ಇದೆ. ಬಳಸಬೇಕಲ್ಲ!

ಊರಿನ ಬದಲು ಗಂಟೆಯ ಲೆಕ್ಕ ಆರಿಸುವುದು ಅಮೆರಿಕದ ಕನ್ನಡ ಕೂಟಗಳಿಗೆ ಇನ್ನೂ ದುಬಾರಿ. ಅಲ್ಲಿನ ಗಡಿಯಾರ ನವೆಂಬರಿನ ಮೊದಲ ಭಾನುವಾರ ಒಂದು ಗಂಟೆ ಹಿಂದೆ ಸರಿಯುತ್ತದೆ, ರಾಜ್ಯೋತ್ಸವದ ಸಂಭ್ರಮವೂ ಆಗಲೇ. 2025ರ ನವೆಂಬರ್ 1 ಶನಿವಾರ, ಗಡಿಯಾರ ಬದಲಾದದ್ದು ಮಾರನೆಯ ದಿನ. ನ್ಯೂಜೆರ್ಸಿಯ ಸೈಟಿನಲ್ಲಿ ‘ನ್ಯೂಯಾರ್ಕ್’ ಬದಲು ‘ಯುಟಿಸಿ-5’ ಎಂದಿದ್ದರೆ ಆ ಶನಿವಾರದ ಐದು ಗಂಟೆಯ ಕಾರ್ಯಕ್ರಮ ಫೋನುಗಳಲ್ಲಿ ಆರಕ್ಕೆ ಕಾಣುತ್ತದೆ, ಮುಂದಿನ ಶನಿವಾರದ್ದು ಮಾತ್ರ ಸರಿಯಾಗಿರುತ್ತದೆ.

ಕಾರ್ಯಕ್ರಮಗಳನ್ನು ತುಂಬಿಸಿದ ಮೇಲೆ ಟೈಮ್‌ಝೋನ್ ಬದಲಿಸಿದರೆ ಕೆಲವು ಪ್ಲಗಿನ್ನುಗಳಲ್ಲಿ ಹಳೆಯವೆಲ್ಲ ಐದೂವರೆ ಗಂಟೆ ಜರುಗುತ್ತವೆ, ಕೆಲವದರಲ್ಲಿ ಇಲ್ಲ. ಆದ್ದರಿಂದಲೇ ಇದು ಮೊದಲ ಕೆಲಸ.

ಪ್ಲಗಿನ್ ಹಾಕಿದ ಮೇಲೆ ವರ್ಷದ ಪಟ್ಟಿಯನ್ನೆಲ್ಲ ಒಮ್ಮೆಲೇ ತುಂಬಿಸಬಾರದು. ಒತ್ತಕ್ಷರಗಳಿರುವ ಉದ್ದನೆಯ ಕನ್ನಡ ಶೀರ್ಷಿಕೆಯ ಒಂದೇ ಒಂದು ಕಾರ್ಯಕ್ರಮ ಸೇರಿಸಿ, ಸೈಟಿನಲ್ಲೂ ಫೋನಿನ ಕ್ಯಾಲೆಂಡರಿನಲ್ಲೂ ನೋಡಬೇಕು. ಸೈಟಿನಲ್ಲೇ ಪ್ರಶ್ನೆ ಚಿಹ್ನೆಗಳ ಸಾಲು ಬಂದರೆ ಪ್ಲಗಿನ್ ತನ್ನದೇ ಕೋಷ್ಟಕವನ್ನು ಕನ್ನಡ ಹಿಡಿಯದ ಅಕ್ಷರ ವ್ಯವಸ್ಥೆಯಲ್ಲಿ ಕಟ್ಟಿಕೊಂಡಿದೆ. ಅಂಥದ್ದನ್ನು ರಿಪೇರಿ ಮಾಡುವುದಕ್ಕಿಂತ ಕಿತ್ತೆಸೆಯುವುದು ಸುಲಭ. ಸೈಟಿನಲ್ಲಿ ಸರಿಯಿದ್ದು ಫೋನಿನಲ್ಲಿ ಶೀರ್ಷಿಕೆಯ ನಡುವೆ ಕಲಸುಮೇಲೋಗರವಾದರೆ ಕಾರಣ ಬೇರೆ. ಐಸಿಎಸ್ ನಿಯಮದ ಪ್ರಕಾರ ಒಂದು ಸಾಲು 75 ಬೈಟು ಮೀರಬಾರದು, ಮೀರಿದರೆ ಮುರಿಯಬೇಕು. ಕನ್ನಡದ ‘ಕ’ ಒಂದಕ್ಕೇ ಮೂರು ಬೈಟು, ‘ಕ್ಷ’ಕ್ಕೆ ಒಂಬತ್ತು, ‘ಯಕ್ಷಗಾನ’ಕ್ಕೆ ಇಪ್ಪತ್ತೊಂದು. ಇಂಗ್ಲಿಷಿನಲ್ಲಷ್ಟೇ ಪರೀಕ್ಷಿಸಿದವರ ಪ್ಲಗಿನ್ ಬೈಟು ಎಣಿಸುತ್ತಾ ಹೋಗಿ ಅಕ್ಷರದ ಹೊಟ್ಟೆಯಲ್ಲೇ ಕತ್ತರಿ ಆಡಿಸುತ್ತದೆ.

ಕಾರ್ಯಕ್ರಮದ ಲಿಂಕನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಚುಟುಕಾಗಿ ಕೈಯಾರೆ ಬರೆದರೆ ಒಳ್ಳೆಯದು. ವರ್ಡ್‌ಪ್ರೆಸ್ ಅದಕ್ಕೆ ಇಟ್ಟಿರುವ ಜಾಗ 200 ಅಕ್ಷರ, ಕನ್ನಡದ ಒಂದೊಂದು ಚಿಹ್ನೆಗೂ ಅಲ್ಲಿ ಒಂಬತ್ತು ಬೇಕು. ಉದ್ದನೆಯ ಶೀರ್ಷಿಕೆ ಮಧ್ಯದಲ್ಲೇ ತುಂಡಾಗುತ್ತದೆ.

ಉಳಿದವು ಚುಟುಕಾಗಿ. ಕಾರ್ಯಕ್ರಮದ ಪುಟ ‘404’ ತೋರಿಸಿದರೆ ಸೆಟ್ಟಿಂಗ್ಸ್‌ನ ಪರ್ಮಾಲಿಂಕ್ಸ್‌ಗೆ ಹೋಗಿ ಏನನ್ನೂ ಬದಲಿಸದೆ ಸೇವ್ ಒತ್ತಬೇಕು. ಕ್ಯಾಲೆಂಡರ್ ತೋರಿಸಲು ಪುಟದಲ್ಲಿ ಹಾಕುವ ಶಾರ್ಟ್‌ಕೋಡ್ ಕೆಲಸ ಮಾಡದಿದ್ದರೆ ವರ್ಡ್ ಫೈಲಿನಿಂದ ಅಂಟಿಸಿದ ಬಾಗಿದ ಉದ್ಧರಣ ಚಿಹ್ನೆ ಅಳಿಸಿ ನೇರವಾದದ್ದನ್ನು ಕೈಯಲ್ಲೇ ಟೈಪ್ ಮಾಡಬೇಕು. ‘ಮುಂದಿನ ತಿಂಗಳು’ ಗುಂಡಿ ಒಂದು ದಿನ ನಡೆದು ಮಾರನೆಯ ದಿನ ನಿಂತರೆ ಕ್ಯಾಲೆಂಡರ್ ಪುಟವನ್ನು ಕ್ಯಾಶಿನಿಂದ, ಅಂದರೆ ಪುಟದ ಹಳೆಯ ಪ್ರತಿ ಕೂಡಿಟ್ಟು ತೋರಿಸುವ ವ್ಯವಸ್ಥೆಯಿಂದ, ಹೊರಗಿಡಬೇಕು. ಸೈಟೇ ಬಿಳಿಯಾಗಿ ಒಳಗೆ ಹೋಗಲಾಗದಿದ್ದರೆ ಹೋಸ್ಟಿಂಗಿನ ಫೈಲ್ ಮ್ಯಾನೇಜರಿನಲ್ಲಿ ಆ ಪ್ಲಗಿನ್ನಿನ ಫೋಲ್ಡರಿನ ಹೆಸರು ಬದಲಿಸಿದರೆ ಅದು ತಾನಾಗಿ ನಿಷ್ಕ್ರಿಯವಾಗುತ್ತದೆ. ತಿಂಗಳಿಗೆ ನಾಲ್ಕು ಕಾರ್ಯಕ್ರಮ ಮಾಡುವ ಸಂಘಕ್ಕೆ ಇಷ್ಟೆಲ್ಲ ಉಸಾಬರಿ ಬೇಡವೆನಿಸಿದರೆ ಗೂಗಲ್ ಕ್ಯಾಲೆಂಡರನ್ನು ಸಾರ್ವಜನಿಕಗೊಳಿಸಿ ಅದರ ಎಂಬೆಡ್ ಕೋಡನ್ನು ಪುಟದಲ್ಲಿ ಅಂಟಿಸಬಹುದು. ಅದಕ್ಕೆ ಸಂಘದ ಖಾತೆಯನ್ನೇ ಬಳಸಬೇಕು, ಕಾರ್ಯದರ್ಶಿಯ ಸ್ವಂತ ಖಾತೆಯನ್ನಲ್ಲ.