ಬೌರಿಂಗ್‌ಪೇಟೆಯ ಸಂಖ್ಯೆಗಳು: ಅಂತರ್ಜಾಲ ಪುಟದ ಆಂಕರ್ ಕೊಂಡಿ ಮತ್ತು ಶಾಸನ ಉಲ್ಲೇಖ

ಬಿ. ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಹತ್ತನೆಯ ಸಂಪುಟ 1905ರಲ್ಲಿ ಪ್ರಕಟವಾಯಿತು. ಕೋಲಾರ ಜಿಲ್ಲೆಯ ಶಾಸನಗಳನ್ನೊಳಗೊಂಡ ಈ ಸಂಪುಟದಲ್ಲಿ ತಾಲ್ಲೂಕಿನ ಹೆಸರಿನ ಸಂಕ್ಷೇಪ ಹಾಗೂ ಕ್ರಮಸಂಖ್ಯೆ ಕೂಡಿ ಒಂದು ಶಾಸನದ ಗುರುತಾಗುತ್ತವೆ. ಕನ್ನಡ ಲಿಪಿಯ ಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ ಈ ಮೂರು ಭಾಗಗಳಲ್ಲಿಯೂ ಅದೇ ಸಂಖ್ಯೆ ಮುಂದುವರಿಯುವುದರಿಂದ ಓದುಗನು ಒಂದರಿಂದ ಇನ್ನೊಂದಕ್ಕೆ ನೇರವಾಗಿ ಹೋಗಬಲ್ಲನು. ಅಂತರ್ಜಾಲ ಪುಟದಲ್ಲಿ ಆಂಕರ್ ಕೊಂಡಿ ಮಾಡುವ ಕೆಲಸವೂ ಇದೇ ಆಗಿದೆ.

ಆಂಕರ್ ಕೊಂಡಿಗೆ ಎರಡು ಅಂಗಗಳಿವೆ. ಪುಟದ ನಿರ್ದಿಷ್ಟ ಭಾಗಕ್ಕೆ ನೀಡಿದ ಗುರುತು (ಐಡಿ) ಒಂದು. ಹ್ಯಾಶ್ ಚಿಹ್ನೆಯ (#) ಮುಂದೆ ಆ ಗುರುತನ್ನು ಬರೆದು ಅಲ್ಲಿಗೆ ಕರೆದೊಯ್ಯುವ ಕೊಂಡಿ ಇನ್ನೊಂದು. ಒಂದು ಪುಟದಲ್ಲಿ ಒಂದು ಗುರುತು ಒಮ್ಮೆ ಮಾತ್ರ ಬರಬೇಕು. ಆದುದರಿಂದ ಶಾಸನದ ಪಾಠ, ಲಿಪ್ಯಂತರ, ಅನುವಾದಗಳು ಒಂದೇ ಪುಟದಲ್ಲಿದ್ದರೆ ಮೂಲ ಸಂಖ್ಯೆಗೆ ಪ್ರತ್ಯೇಕ ಉತ್ತರಪದ ಸೇರಿಸುವುದು ಅಗತ್ಯ. ಹೀಗೆ ಗುರುತಿಸಿದ ಶಾಸನವನ್ನು ಗ್ರಾಮಸೂಚಿ, ರಾಜವಂಶಸೂಚಿ, ಕಾಲಸೂಚಿ ಮೂರರಿಂದಲೂ ತಲುಪಬಹುದು. ಪಾಠವನ್ನು ಮೂರು ಕಡೆ ನಕಲಿಸಬೇಕಾಗಿಲ್ಲ.

ಗುರುತನ್ನು ಯಾವುದರಿಂದ ರಚಿಸಬೇಕೆಂಬುದು ಇಲ್ಲಿಯ ಮುಖ್ಯ ಪ್ರಶ್ನೆ. ಶೀರ್ಷಿಕೆಯಲ್ಲಿರುವ ಊರಿನ ಹೆಸರನ್ನೇ ಗುರುತಾಗಿಸುವುದು ಸುಲಭವೆಂದು ತೋರುತ್ತದೆ. ಆದರೆ ಬಂಗಾರಪೇಟೆಯ ಇತಿಹಾಸ ಈ ಕ್ರಮದ ಅಪಾಯವನ್ನು ತೋರಿಸುತ್ತದೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಎಲ್. ಬಿ. ಬೌರಿಂಗ್ ಅವರ ಹೆಸರಿನ ‘ಬೌರಿಂಗ್‌ಪೇಟೆ’ಯೇ ಮುಂದೆ ಬಂಗಾರಪೇಟೆಯಾಯಿತು. ರೈಸ್ ಅವರು ಬೌರಿಂಗ್‌ಪೇಟೆ ತಾಲ್ಲೂಕಿನಲ್ಲಿ ಎಣಿಸಿದ ಬೇತಮಂಗಲವು ಇಂದು ಕೆ.ಜಿ.ಎಫ್. ತಾಲ್ಲೂಕಿನಲ್ಲಿದೆ. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ರಚನೆಯಾದಾಗ ಅದೇ ಸಂಪುಟದ ಚಿಂತಾಮಣಿ, ಶಿಡ್ಲಘಟ್ಟ ಮೊದಲಾದ ತಾಲ್ಲೂಕುಗಳು ಜಿಲ್ಲೆಯನ್ನೇ ಬದಲಿಸಿದವು. ಹೀಗಿದ್ದೂ ‘ಬಿ.ಪಿ.’ ಎಂಬ ಸಂಕ್ಷೇಪದೊಡನೆ ನೀಡಿದ ಹಳೆಯ ಉಲ್ಲೇಖಗಳು ಇಂದಿಗೂ ಅದೇ ಶಾಸನವನ್ನು ಸೂಚಿಸುತ್ತವೆ. ಆ ಸಂಕ್ಷೇಪವು ಈಗ ಊರಿನ ಹೆಸರಾಗಿ ಉಳಿದಿಲ್ಲ, ವಿಳಾಸವಾಗಿ ಉಳಿದಿದೆ.

ಕನ್ನಡ ಲಿಪಿಯ ಗುರುತುಗಳಿಗೆ ಇನ್ನೂ ಎರಡು ತೊಡಕುಗಳಿವೆ. ಎಚ್.ಟಿ.ಎಂ.ಎಲ್. 5ರ ನಿಯಮದಂತೆ ಗುರುತು ಕನ್ನಡದಲ್ಲಿರಬಹುದು, ನಡುವೆ ತೆರಪು ಮಾತ್ರ ಇರಬಾರದು. ಆದರೆ ವಿಳಾಸವು ಸಂಕೇತರೂಪಕ್ಕೆ ಪರಿವರ್ತನೆಯಾದಾಗ ಯೂನಿಕೋಡ್‌ನ ಪ್ರತಿಯೊಂದು ಕನ್ನಡ ಸಂಕೇತವೂ ಒಂಬತ್ತು ಚಿಹ್ನೆಗಳಷ್ಟು ಹಿಗ್ಗುತ್ತದೆ. ‘ಬಂಗಾರಪೇಟೆ’ ಎಂಬ ಪದದಲ್ಲಿ ಒಂಬತ್ತು ಸಂಕೇತಗಳಿರುವುದರಿಂದ ಅದು 81 ಚಿಹ್ನೆಗಳಾಗುತ್ತದೆ. ಅಡಿಟಿಪ್ಪಣಿಯಲ್ಲಿ ಅದನ್ನು ಮುದ್ರಿಸುವುದು ಕಷ್ಟ. ಎರಡನೆಯದಾಗಿ, ‘ಪೇ’ಯಲ್ಲಿರುವ ದೀರ್ಘ ಏಕಾರವನ್ನು ಒಂದೇ ಸಂಕೇತವಾಗಿಯೂ, ಹ್ರಸ್ವ ಎಕಾರ ಮತ್ತು ದೀರ್ಘಚಿಹ್ನೆ ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಗುರುತನ್ನು ಹೋಲಿಸುವ ಯಂತ್ರಕ್ಕೆ ಬೇರೆ ಬೇರೆ. ಕನ್ನಡ, ತಮಿಳು, ತೆಲುಗು, ಇಂಗ್ಲಿಷ್ ಬೆರೆತ ಚಿನ್ನದ ಗಣಿ ಪ್ರದೇಶದಲ್ಲಿ ಊರಿಗಾಂ, ಉರಿಗಾಂ ಎಂಬಂತಹ ರೂಪಭೇದಗಳೂ ಸೇರಿದರೆ ತೊಡಕು ಹೆಚ್ಚುತ್ತದೆ.

ಇದರ ಪರಿಣಾಮ ಸಂಶೋಧನೆಗೆ ಗಂಭೀರವಾದುದು. ಪುಟವೇ ಇಲ್ಲದಿದ್ದರೆ ದೋಷಸೂಚನೆ ಬರುತ್ತದೆ. ಗುರುತು ಮಾತ್ರ ತಪ್ಪಿದ್ದರೆ ಅಂತಹ ಸೂಚನೆ ಬರುವುದಿಲ್ಲ. ಪುಟವು ಮೊದಲಿನಿಂದ ತೆರೆದುಕೊಳ್ಳುತ್ತದೆ. ಉಲ್ಲೇಖ ಕೆಟ್ಟಿದೆಯೆಂದು ಓದುಗನಿಗೆ ತಿಳಿಯದೆ, ಆತ ಬೇರೊಂದು ಶಾಸನವನ್ನೇ ಆಧಾರವೆಂದು ಭಾವಿಸುವ ಸಾಧ್ಯತೆಯಿದೆ.

ಆದ್ದರಿಂದ ಶಾಸನಪುಟಗಳನ್ನು ರೂಪಿಸುವವರು ಸಂಪುಟ, ತಾಲ್ಲೂಕು ಸಂಕ್ಷೇಪ, ಸಂಖ್ಯೆಗಳಿಂದ ಕೂಡಿದ ಕಿರಿದಾದ ಗುರುತನ್ನು ಬಳಸುವುದು ಉಚಿತ. ಊರಿನ ಇಂದಿನ ಹೆಸರು, ಹಳೆಯ ಹೆಸರು, ಇಂದಿನ ತಾಲ್ಲೂಕುಗಳನ್ನು ಶೀರ್ಷಿಕೆಯಲ್ಲಿ ಕನ್ನಡದಲ್ಲಿಯೇ ಕೊಡಬೇಕು. ಕಾಲಕ್ಕೆ ತಕ್ಕಂತೆ ಅವನ್ನು ತಿದ್ದಬಹುದು. ಒಮ್ಮೆ ಪ್ರಕಟವಾದ ಗುರುತನ್ನು ಮಾತ್ರ ಬದಲಿಸಬಾರದು. ಪರಿಷ್ಕರಣೆಯಲ್ಲಿ ಹೊಸ ಸಂಖ್ಯೆ ಬಂದರೆ ಹಳೆಯ ಗುರುತನ್ನೂ ಅದೇ ಸ್ಥಳದಲ್ಲಿ ಉಳಿಸಿಕೊಳ್ಳಬೇಕು. ಊರಿನ ಹೆಸರು ಬದಲಾದರೂ ಶಾಸನದ ವಿಳಾಸ ಬದಲಾಗಬಾರದೆಂಬುದನ್ನು ಮುದ್ರಿತ ಸಂಪುಟವೇ ಕಲಿಸಿಕೊಟ್ಟಿದೆ.