ಬ್ಲಾಕ್‌ಚೈನ್ ಕೆಲಸ ಕಲಿಯುವ ಬಗೆ

ಯುವಕ ಯುವತಿಯರೇ, ಸಹಕಾರ ಸಂಘದ ಲೆಕ್ಕದ ಪುಸ್ತಕದಲ್ಲಿ ಹಿಂದಿನ ಪುಟದ ಮೊತ್ತವನ್ನು ಮುಂದಿನ ಪುಟಕ್ಕೆ ತರುವುದನ್ನು ಕಂಡಿದ್ದೀರಿ. ಬ್ಲಾಕ್‌ಚೈನ್ ಅಂಥದೇ ಪುಸ್ತಕ. ಪ್ರತಿ ಪುಟವೂ ಹಿಂದಿನದರ ಗುರುತನ್ನು ಹೊತ್ತಿರುತ್ತದೆ. ನಕಲುಗಳು ಅನೇಕ ಕಂಪ್ಯೂಟರುಗಳಲ್ಲಿರುತ್ತವೆ. ಒಂದು ಕಡೆ ತಿದ್ದಿದರೆ ಉಳಿದ ಕಡೆ ಗೊತ್ತಾಗುತ್ತದೆ. 2009ರಲ್ಲಿ ಬಿಟ್‌ಕಾಯಿನ್ ನಾಣ್ಯ, 2015ರಲ್ಲಿ ಇಥೀರಿಯಂ ಜಾಲ ಹೀಗೆಯೇ ಆರಂಭವಾದವು.

ಈ ಉದ್ಯೋಗ ಬಯಸುವವರು ಮೊದಲು ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆಯನ್ನು, ಬಳಿಕ ಇಥೀರಿಯಂನ ಸಾಲಿಡಿಟಿಯನ್ನು ಕಲಿಯಿರಿ. ಪಾಠಗಳು ಪುಕ್ಕಟೆ ಸಿಗುತ್ತವೆ. ಬೆಲೆಯಿಲ್ಲದ ನಾಣ್ಯಗಳ ಪರೀಕ್ಷಾ ಜಾಲದಲ್ಲಿ ಅಭ್ಯಾಸ ಮಾಡಿರಿ. ಮಾಡಿದ್ದನ್ನು ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವಂತೆ ಇಡಿರಿ.

2022ರಲ್ಲಿ ನಾಣ್ಯಗಳ ಬೆಲೆ ಕುಸಿದಾಗ ಅನೇಕರು ಕೆಲಸ ಕಳೆದುಕೊಂಡರು. ಆದುದರಿಂದ ಕೈಯಲ್ಲಿರುವ ಓದು, ಕಸುಬು ಬಿಡಬೇಡಿರಿ. ಕೆಲಸ ಕೊಡಿಸುತ್ತೇನೆಂದು ಮುಂಗಡ ಹಣ ಕೇಳುವವನಿಗೆ ಒಂದು ಕಾಸೂ ಕೊಡಬೇಡಿರಿ.