ಗಣಕಗಳು ಪರಸ್ಪರ ಮಾತನಾಡುವ ಬಗೆ

ಒಂದು ಕಾರ್ಖಾನೆಯಲ್ಲಿ ಮಾರಾಟ, ಉಗ್ರಾಣ, ಖರೀದಿ, ತಯಾರಿಕೆ, ವೇತನ, ಜಮಾಖರ್ಚು ಎಂಬ ಆರು ವಿಭಾಗಗಳಿವೆಯೆಂದು ಭಾವಿಸೋಣ. ಹಿಂದೆ ಪ್ರತಿಯೊಂದಕ್ಕೂ ಬೇರೆ ಬೇರೆ ಖಾತೆಪುಸ್ತಕವಿರುತ್ತಿತ್ತು. ಒಂದರ ಸುದ್ದಿಯನ್ನು ಮತ್ತೊಂದಕ್ಕೆ ಗುಮಾಸ್ತನು ಚೀಟಿಯಲ್ಲಿ ಒಯ್ಯುತ್ತಿದ್ದನು. ಇಂದು ಈ ಲೆಕ್ಕಗಳನ್ನು ಗಣಕಗಳು ಇಡುತ್ತವೆ. ಆದರೆ ಅನೇಕ ಉದ್ಯಮಗಳಲ್ಲಿ ಅವುಗಳ ತಂತ್ರಾಂಶಗಳು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕೈಗಳಿಂದ ರಚಿತವಾದವು. ಇವುಗಳನ್ನು ಒಂದುಗೂಡಿಸುವುದು ಹೇಗೆ?

ಮೊದಲನೆಯ ತೊಡಕು ಸಂಖ್ಯೆಯದು. ಆರನ್ನೂ ಒಂದಕ್ಕೊಂದು ನೇರವಾಗಿ ಜೋಡಿಸಿದರೆ 6 × 5 ÷ 2 = 15 ಕೊಂಡಿಗಳು ಬೇಕು; ಹತ್ತಾದರೆ 45. ಆದುದರಿಂದ ನಡುವೆ ಅಂಚೆಕಚೇರಿಯಂತಹ ಒಂದು ಕೇಂದ್ರವನ್ನಿರಿಸುವುದುಂಟು. ಆಗ ಆರಕ್ಕೆ ಆರೇ ಕೊಂಡಿಗಳು ಸಾಕು.

ಎರಡನೆಯ ತೊಡಕು ಅರ್ಥದ್ದು, ಇದೇ ಹಿರಿದು. ಉಗ್ರಾಣದಲ್ಲಿ 1200 ಬಲ್ಬುಗಳಿವೆ. ಒಂದು ಪೆಟ್ಟಿಗೆಗೆ 12. ಮಾರಾಟದ ಗಣಕವು 50 ಪೆಟ್ಟಿಗೆಗಳನ್ನು ಮಾರಿ, ‘50’ ಎಂದಷ್ಟೇ ತಿಳಿಸುತ್ತದೆ. ಉಗ್ರಾಣದ ಗಣಕವು ಅದನ್ನು 50 ಬಲ್ಬುಗಳೆಂದು ಬಗೆದು 1150 ಉಳಿಯಿತೆಂದು ಬರೆದುಕೊಳ್ಳುತ್ತದೆ. ವಾಸ್ತವವಾಗಿ ಉಳಿದಿರುವುದು 600. ಮರುದಿನ 75 ಪೆಟ್ಟಿಗೆಗಳಿಗೆ, ಅಂದರೆ 900 ಬಲ್ಬುಗಳಿಗೆ, ಬೇಡಿಕೆ ಬಂದರೆ ಗಣಕವು ನಿಸ್ಸಂಕೋಚವಾಗಿ ಒಪ್ಪಿಕೊಳ್ಳುವುದು. ತಂತಿಯಲ್ಲಿ ದೋಷವಿಲ್ಲ, ಕೂಡುವಿಕೆ ಕಳೆಯುವಿಕೆಗಳಲ್ಲೂ ದೋಷವಿಲ್ಲ. ಆದರೂ ಲೆಕ್ಕ ಸುಳ್ಳಾಯಿತು.

ಇಂತಹ ತಪ್ಪು ಅಂಗಡಿಗೆ ಮಾತ್ರ ಸೀಮಿತವಲ್ಲ. 1998ರಲ್ಲಿ ಅಮೆರಿಕದ ನಾಸಾ ಸಂಸ್ಥೆಯು ಮಂಗಳ ಗ್ರಹದತ್ತ ‘ಮಾರ್ಸ್ ಕ್ಲೈಮೇಟ್ ಆರ್ಬಿಟರ್’ ಎಂಬ ನೌಕೆಯನ್ನು ಹಾರಿಸಿತು. ನೆಲದ ಮೇಲಿನ ಒಂದು ತಂತ್ರಾಂಶವು ನೌಕೆಯ ನೂಕುಯಂತ್ರಗಳ ಆವೇಗವನ್ನು ಪೌಂಡ್-ಸೆಕೆಂಡುಗಳಲ್ಲಿ ಕೊಟ್ಟಿತು. ಅದನ್ನು ಪಡೆದು ಪಥವನ್ನು ಗಣಿಸಿದವರು ನ್ಯೂಟನ್-ಸೆಕೆಂಡುಗಳೆಂದು ತಿಳಿದರು. ಇವೆರಡಕ್ಕೂ ಸುಮಾರು 4.45 ಪಟ್ಟು ಅಂತರವಿದೆ. 1999ರ ಸೆಪ್ಟೆಂಬರ್ 23ರಂದು ನೌಕೆಯು ಉದ್ದೇಶಿಸಿದ್ದಕ್ಕಿಂತ ಬಹು ಕೆಳಗೆ ಮಂಗಳದ ವಾಯುಮಂಡಲವನ್ನು ಹೊಕ್ಕು ಕೈತಪ್ಪಿಹೋಯಿತು.

ಏಕಮಾನವನ್ನು ಬರೆಯದ ಉತ್ತರಕ್ಕೆ ಭೌತವಿಜ್ಞಾನದ ಪರೀಕ್ಷೆಯಲ್ಲಿ ನಾವು ಅಂಕವನ್ನು ಕಳೆಯುವುದು ವಾಚಕರಿಗೆ ನೆನಪಿರಬಹುದು. ಗಣಕಗಳಿಗೂ ಅದೇ ನಿಯಮ. ಪ್ರತಿ ಸಂಖ್ಯೆಯೂ ತನ್ನ ಏಕಮಾನದೊಡನೆ ಪ್ರಯಾಣ ಮಾಡಬೇಕು. ಒಂದು ವಸ್ತುವಿಗೆ ಎಲ್ಲ ವಿಭಾಗಗಳಲ್ಲೂ ಒಂದೇ ಗುರುತುಸಂಖ್ಯೆಯಿರಬೇಕು. ಪ್ರತಿ ಸಂದೇಶಕ್ಕೂ ಕ್ರಮಸಂಖ್ಯೆ ಬೇಕು. ಉತ್ತರ ಬಾರದೆ ಅದನ್ನೇ ಮತ್ತೆ ಕಳುಹಿಸಿದರೆ, ಪಡೆದ ಗಣಕವು ಗುರುತಿಸಿ ಎರಡನೆಯ ಬಾರಿ ಬರೆದುಕೊಳ್ಳದಂತೆ ಮಾಡಬಹುದು. ಇಷ್ಟಾದ ಮೇಲೂ, ತಿಂಗಳಿಗೊಮ್ಮೆ ಉಗ್ರಾಣದ ಬಾಗಿಲು ತೆರೆದು ಬಲ್ಬುಗಳನ್ನು ಎಣಿಸಿ ನೋಡುವ ಪದ್ಧತಿಯನ್ನು ಕೈಬಿಡಲಾಗದು.